ಜ್ವರವಿರುವ ಆಟಗಾರರು ಕ್ಯಾಮೆರಾದ ಮುಂದೆ ನಡುಗತಕ್ಕ ಕ್ರಮದ ಬಗ್ಗೆ

ಗ್ರಾಮಾಂತರ ಕಬಡ್ಡಿ ಹಾಗೂ ಕೆಚ್ಚು ಪ್ರದರ್ಶನ ಇಲಾಖೆ
ಕೋಟೆ ವಲಯ

ಸಂಖ್ಯೆ: ಗ್ರಾಕಕೆಪ್ರ/ಜ್ವರ/103/ಅತಿ ತುರ್ತು

ವಿಷಯ: ಬೀಚನಹಳ್ಳಿ ತಂಡದ ರೈಡರ್ ಯತೀಶ್ ಅವರನ್ನು ಹಾಸಿಗೆಯಿಂದ ಅಂಕಣಕ್ಕೆ ವರ್ಗಾಯಿಸುವ ಕುರಿತು.

ಉಲ್ಲೇಖ: 1. ಶ್ರೀ ಕಿರಣ್‌ಕುಮಾರ್ ಅವರ ಮೊಬೈಲ್ ವಾಹಿನಿಯ ವಿಡಿಯೊ: 'ಮೈ ಸುಡುತ್ತಿತ್ತು, ಸಿಂಹ ಬಗ್ಗಲಿಲ್ಲ!'
2. ಆಟಗಾರನ ತಾಯಿ ಶ್ರೀಮತಿ ಕುಳ್ಳಮ್ಮ ಅವರು ಕಚೇರಿ ಬಾಗಿಲಲ್ಲಿ ನಿಂತು ಸಲ್ಲಿಸಿದ ಮೌಖಿಕ ಅರ್ಜಿ.

ಸದರಿ ಯತೀಶ್ ಅವರು ಕಳೆದ ಭಾನುವಾರ ಮಿರ್ಲೆಯ ಸೆಮಿಫೈನಲ್‌ನಲ್ಲಿ ನೂರಾ ಮೂರು ಡಿಗ್ರಿ ಜ್ವರದಲ್ಲಿ ಆಡಿ, ಒಂಬತ್ತು ಅಂಕ ತಂದು, ಗೆದ್ದ ಮೇಲೆ ಗೆರೆಯಾಚೆ ವಾಂತಿ ಮಾಡಿಕೊಂಡಿರುತ್ತಾರೆ. ವಿಡಿಯೊದಲ್ಲಿ ಒಂಬತ್ತು ಅಂಕಗಳೂ ಇದ್ದು, ವಾಂತಿಯನ್ನು ಮಾತ್ರ ಕತ್ತರಿಸಲಾಗಿದೆ. ಬುಧವಾರ ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂದಿದ್ದು, ಹದಿನೈದು ದಿನ ಹಾಸಿಗೆ ಬಿಟ್ಟು ಏಳಕೂಡದೆಂದು ವೈದ್ಯರು ಹೇಳಿರುತ್ತಾರೆ. ಬರುವ ಭಾನುವಾರ ಅಂತರಸಂತೆಯಲ್ಲಿ ಫೈನಲ್ ಇರುತ್ತದೆ. ಎರಡರಲ್ಲಿ ಒಂದನ್ನು ಮುಂದೂಡಬೇಕಾಗಿದ್ದು, ಪೆಂಡಾಲ್‌ನವರಿಗೆ ಹೇಳಿಯಾಗಿರುವ ಕಾರಣ ಹಾಸಿಗೆಯನ್ನು ಮುಂದೂಡಲಾಗಿದೆ. ಆದ ಪ್ರಯುಕ್ತ ಕೆಳಕಂಡ ನಿಯಮಗಳನ್ನು ಸಂಬಂಧಪಟ್ಟ ಎಲ್ಲರೂ, ಮುಖ್ಯವಾಗಿ ರೋಗಿಯು, ಚಾಚೂ ತಪ್ಪದೆ ಪಾಲಿಸಲು ಈ ಮೂಲಕ ಸೂಚಿಸಲಾಗಿದೆ.

1. ನೂರು ಡಿಗ್ರಿಗಿಂತ ಕಡಿಮೆ ಜ್ವರವನ್ನು ಸೋಮಾರಿತನವೆಂದು ಪರಿಗಣಿಸತಕ್ಕದ್ದು. ನೂರಾ ಎರಡಕ್ಕೆ 'ಹುಲಿ', ನೂರಾ ಮೂರಕ್ಕೆ 'ಸಿಂಹ'. ನೂರಾ ನಾಲ್ಕಕ್ಕೆ ಪ್ರಾಣಿ ಇನ್ನೂ ಮಂಜೂರಾಗಿಲ್ಲವಾದ್ದರಿಂದ ಆಟಗಾರರು ಅಲ್ಲಿಯವರೆಗೆ ಜ್ವರ ಏರಿಸಿಕೊಳ್ಳತಕ್ಕದ್ದಲ್ಲ. ನಿಜವಾದ ಹುಲಿಗೆ ಮೈ ಹುಷಾರಿಲ್ಲದಿದ್ದರೆ ಅದು ಪೊದೆಯಲ್ಲಿ ಮಲಗಿಬಿಡುತ್ತದೆಂದು ಕಾಡಂಚಿನ ಕೆಲವರು ತಕರಾರು ಎತ್ತಿರುತ್ತಾರೆ. ಹುಲಿಗೆ ಅಭಿಮಾನಿ ಬಳಗ ಇಲ್ಲದಿರುವುದರಿಂದ ತಕರಾರನ್ನು ವಜಾ ಮಾಡಲಾಗಿದೆ.

2. ನಡುಕವು ಕ್ಯಾಮೆರಾ ಕಡೆಗೆ ಬರತಕ್ಕದ್ದು. ಬ್ಯಾಟರಿ ಬದಲಿಸುವಾಗ ಬಂದ ನಡುಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

3. ಶ್ರೀ ಕಿರಣ್‌ಕುಮಾರ್ ಅವರು ಶನಿವಾರವೇ ಎರಡು ಶೀರ್ಷಿಕೆ ಸಿದ್ಧಪಡಿಸಿರತಕ್ಕದ್ದು. ಗೆದ್ದಲ್ಲಿ: 'ಜ್ವರವನ್ನೇ ಔಟ್ ಮಾಡಿದ ವೀರ.' ಸೋತಲ್ಲಿ: 'ಮೈ ನೋಡಿಕೊಳ್ಳದೆ ತಂಡ ಮುಳುಗಿಸಿದ ಬೇಜವಾಬ್ದಾರಿ.' ಎರಡಕ್ಕೂ ಒಂದೇ ಫೋಟೊ, ಒಂದೇ ಜ್ವರ ಸಾಕಾಗುತ್ತದೆ.

4. ರೋಗಿಗೆ ಪರಂಗಿ ಎಲೆ ರಸ ತಂದುಕೊಡುವ ಗ್ರಾಮಸ್ಥರಿಗೆ ತಲಾ ಒಂದು ಸೆಲ್ಫಿಗೆ ಅವಕಾಶವಿರುತ್ತದೆ. ಪ್ರತಿ ಸೆಲ್ಫಿಗೂ ರೋಗಿಯನ್ನು ಎಬ್ಬಿಸಿ ಕೂರಿಸತಕ್ಕದ್ದು. ಇದುವರೆಗೆ ನಲವತ್ತೊಂದು ಬಾರಿ ಕೂರಿಸಲಾಗಿದ್ದು, ಇದನ್ನೇ ಅಭ್ಯಾಸ ಪಂದ್ಯವೆಂದು ಪರಿಗಣಿಸಲಾಗಿದೆ.

5. ಮಹಿಳಾ ತಂಡದ ಕುಮಾರಿ ಪ್ರಮೀಳಾ ಅವರು 'ಮುಟ್ಟಿನ ಹೊಟ್ಟೆನೋವಲ್ಲೇ ಮೂರು ಟೂರ್ನಮೆಂಟ್ ಆಡಿವ್ನಿ ಕಣಣ್ಣ, ನನ್ಗೂ ಒಂದು ಸಿಂಹ ಹಾಕು' ಎಂದು ವಾಹಿನಿಯನ್ನು ಕೋರಿರುತ್ತಾರೆ. ಸದರಿ ನೋವಿಗೆ ಹಿನ್ನೆಲೆ ಸಂಗೀತ ಲಭ್ಯವಿಲ್ಲದ ಕಾರಣ ಕೋರಿಕೆಯನ್ನು ವಿಲೇವಾರಿ ಮಾಡಲಾಗಿದೆ.

6. ಆಟಗಾರನ ಒಪ್ಪಿಗೆ ಕೇಳಿಲ್ಲ ಎಂಬ ಆರೋಪ ಸರಿಯಲ್ಲ. ಗುರುವಾರ ಯತೀಶ್ ಅವರು ಯಾರೂ ಕರೆಯದೆ ತಾವೇ ಎದ್ದು, ಚಡ್ಡಿ ತೊಟ್ಟು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದಿರುತ್ತಾರೆ. 'ಸಿಂಹ ಅಂತ ಹಾಕ್ಬುಟ್ಟವ್ರೆ ಕಣವ್ವ. ಈಗ ಹೋಗ್ದಿದ್ರೆ ಏನಂದಾರು?' ಎಂದು ಹೇಳಿ ಹೊಸ್ತಿಲ ಮೇಲೆ ಕುಸಿದು ಕೂತಿರುತ್ತಾರೆ. ಇದನ್ನು ಲಿಖಿತ ಒಪ್ಪಿಗೆಯೆಂದು ದಾಖಲಿಸಲಾಗಿದೆ.

7. ಉಲ್ಲೇಖ (2)ರಲ್ಲಿ ಶ್ರೀಮತಿ ಕುಳ್ಳಮ್ಮ ಅವರು, 'ಬಚ್ಚಲಿಗೋಗಕ್ಕೆ ಆಯ್ತಿಲ್ಲ ಅವನ್ಗೆ. ಕಬಡ್ಡಿ ಕಬಡ್ಡಿ ಅನ್ನಕ್ಕೆ ಉಸ್ರು ಎಲ್ಲಿಂದ ತಂದಾನು? ನಿಮ್ಗೆ ಕಪ್ ಬೇಕಾ, ಇಲ್ಲ ಹಾರ ಹಾಕಕ್ಕೆ ನನ್ ಮಗನ ಫೋಟೊ ಬೇಕೇನ್ರಯ್ಯಾ?' ಎಂದು ಕೇಳಿರುತ್ತಾರೆ. ಈ ಮಾತುಗಳಲ್ಲಿ ಕಣ್ಣೀರಿನ ಅಂಶ ಉತ್ತಮವಾಗಿದೆ. ಭಾನುವಾರ ಬ್ಯಾನರ್ ಮುಂದೆ ನಿಂತು ಇದನ್ನೇ ಇನ್ನೊಮ್ಮೆ ಹೇಳತಕ್ಕದ್ದು. ಬೇರೆಲ್ಲಾದರೂ ಹೇಳಿದಲ್ಲಿ ಕ್ರೀಡೆಗೆ ಅಡ್ಡಿ ಎಂದು ಭಾವಿಸಲಾಗುವುದು.

8. ಅಂಕಣದಲ್ಲೇ ಪ್ರಜ್ಞೆ ತಪ್ಪುವುದಾದಲ್ಲಿ ನಡುಗೆರೆ ಮುಟ್ಟಿ ತಪ್ಪತಕ್ಕದ್ದು.

ಆದೇಶಾನುಸಾರ,
(ಸಹಿ ಇಲ್ಲ)
ನಿರ್ದೇಶಕರು

ಷರಾ: ನಿರ್ದೇಶಕರಾದ ಶ್ರೀ ಚನ್ನಬಸವಣ್ಣ ಅವರಿಗೆ ಎರಡು ಸೀನು ಬಂದಿದ್ದು, ಸಂಪೂರ್ಣ ವಿಶ್ರಾಂತಿಗಾಗಿ ಹತ್ತು ದಿನಗಳ ರಜೆಯಲ್ಲಿರುತ್ತಾರೆ. ಅವರಿಗೆ ಫೋನ್ ಮಾಡಿ ತೊಂದರೆ ಕೊಡಕೂಡದು.

ಪ್ರತಿಗಳು:
1. ಶ್ರೀ ಕಿರಣ್‌ಕುಮಾರ್ ಅವರಿಗೆ, ಎರಡೂ ಶೀರ್ಷಿಕೆಗಳ ಸಹಿತ.
2. ಪೆಂಡಾಲ್‌ನವರಿಗೆ, ಗೆರೆಯಾಚೆ ಒಂದು ಬಕೆಟ್ ಇಡುವ ಸೂಚನೆಯೊಂದಿಗೆ.
3. ಕುಮಾರಿ ಪ್ರಮೀಳಾ ಅವರಿಗೆ, ಸುಮ್ಮನಿರುವ ಬಗ್ಗೆ.
4. ಶ್ರೀಮತಿ ಕುಳ್ಳಮ್ಮ ಅವರಿಗೆ, ಮುಂದಿನ ಕ್ರಮಕ್ಕಾಗಿ. (ಜೆರ್ಸಿಯೊಂದಿಗೆ ಹಿಂದಿರುಗಿ ಬಂದಿದೆ. ಮಗಳ ಕೈಲಿ ಹಿಂಬದಿಯಲ್ಲಿ ಬರೆಸಿರುವ ಒಕ್ಕಣೆ: 'ಮಗ ಗಂಜಿ ಕುಡ್ದು ಮಲಗವ್ನೆ. ಯಾರೂ ಬಾಗ್ಲು ಬಡೀಬ್ಯಾಡಿ. ಜೆರ್ಸಿ ಒಗ್ದು ಕಳ್ಸಿವ್ನಿ. ಸೀನಿದ್ ಸಾಹೇಬ್ರಿಗೆ ತೊಡ್ಸಿ ಕಣ್ರಪ್ಪ, ಅಳತೆ ಸರ್ಯಾಗ್ತದೆ.')