ಮಾವನ ಕಾರಿಗೆ ಬಾಯಿ ಬಂದದ್ದು

ಮಾವನಿಗೆ ಅಳಿಯ ಮೊದಲ ಭೇಟಿಯಲ್ಲೇ ಬೆಲೆ ಕಟ್ಟಿದ್ದ. ಹಳೆಯ ಮೇಜು ಕುರ್ಚಿಗಳ ವ್ಯಾಪಾರಿ ಅವನು. ಮರವಾಗಲಿ ಮನುಷ್ಯನಾಗಲಿ, ಬೆರಳಗೆಣ್ಣಿನಿಂದ ತಟ್ಟಿ ನೋಡದೆ ಅವನಿಗೆ ಸಮಾಧಾನವಿಲ್ಲ. ಮಾವ ಅಪ್ಪಟ ತೇಗ: ಹೊರಗೆ ಹೊಳಪಿಲ್ಲ, ಒಳಗೆ ಗೆದ್ದಲಿಲ್ಲ, ಎಲ್ಲಿಟ್ಟರೂ ಜಾಗ ಸಾಲದು. ಒಂದೇ ಒಂದು ಐಬು. ಯಾರಾದರೂ ಸುಳ್ಳು ಹೇಳಿದರೆ ಅವರು ‘ಸುಳ್ಳು’ ಎನ್ನುತ್ತಿರಲಿಲ್ಲ. ಪೆಪ್ಪರ್‌ಮಿಂಟ್ ವಾಸನೆಯ ಉದ್ದನೆಯ ಉಸಿರೊಂದನ್ನು ಮೂಗಿನಿಂದ ಬಿಡುತ್ತಿದ್ದರು. ‘ಹುಂಽಽ.’ (ಅಳಿಯ ಮಾತಿಗೆ ಕೂತನೆಂದರೆ ಅವರ ಶ್ವಾಸಕೋಶಕ್ಕೆ ಭರ್ಜರಿ ವ್ಯಾಯಾಮ.)

ಅವರು ತೀರಿಕೊಂಡ ಮೇಲೆ ಅವರ ಕಾರು ಮಗಳ ಪಾಲಿಗೆ ಬಂತು. ಎರಡು ದುಂಡು ದೀಪ, ನಡುವೆ ಮೀಸೆಯಂಥ ಬೆಳ್ಳಿಬಣ್ಣದ ಜಾಲರಿ. ಎದುರಿನಿಂದ ನೋಡಿದರೆ ಅವರೇ ಪೇಪರ್ ಓದುತ್ತ ಕೂತ ಹಾಗೆ. ಮಗಳು ದಿನಾ ಬೆಳಗ್ಗೆ ಆ ಜಾಲರಿ ಒರೆಸಿಯೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು.

ಒಮ್ಮೆ ಏರು ರಸ್ತೆಯಲ್ಲಿ ಕಾರಿಗೆ ಏದುಸಿರು ಬಂದು, ಹಾಲಿನ ವ್ಯಾನೊಂದು ಅದನ್ನು ಹಿಂದೆ ಹಾಕಿತು. ವ್ಯಾನಿನವನು ಕೈ ಬೇರೆ ಬೀಸಿದ. ಅಳಿಯನ ಮಾನ ಆ ತಿರುವಿನಲ್ಲೇ ಉದುರಿಹೋಯಿತು. ಮನೆಗೆ ಬಂದವನೇ ಘನಘೋರ ಪ್ರತಿಜ್ಞೆ ಮಾಡಿದ:

“ದೊಡ್ಡ ಇಂಟರ್‌ಕೂಲರ್ ಹಾಕಿಸ್ತೀನಿ!”

“ಹಾಗಂದ್ರೇನ್ರೀ?”

“ಇಂಜಿನ್‌ಗೆ ಹೋಗೋ ಬಿಸಿಗಾಳೀನ ತಣ್ಣಗೆ ಮಾಡೋ ಪೆಟ್ಟಿಗೆ ಕಣೇ. ಗಾಳಿ ತಣ್ಣಗಾದಷ್ಟೂ ಇಂಜಿನ್‌ಗೆ ದಮ್ಮು ಜಾಸ್ತಿ.”

“ಎಲ್ಲಿ ಕೂರಿಸ್ತಾರೆ?”

“ಮುಂದುಗಡೆ. ಗಾಳಿ ಬಡಿಯೋ ಕಡೆ.”

“ಅಪ್ಪನ ಮುಖ ಕೊಯ್ಸ್ತೀರಾ?”

“ಕಾರಿನ ಮುಖ ಕಣೇ! ಜಾಲರಿ ಬಿಚ್ಚಿ ಎತ್ತಿಟ್ಟಿರ್ತೀನಿ. ನಿಂಗೆ ಇದು ಬೇಡ ಅನ್ನಿಸಿದ ದಿನ ಅದನ್ನೇ ಮತ್ತೆ ಕೂರಿಸಿದ್ರಾಯ್ತು.”

“ಜಾಲರಿ ಜೋಪಾನ” ಎಂದಳು ಅವಳು. ಒಪ್ಪಿಗೆ ಅಷ್ಟಕ್ಕೆ ಮಾತ್ರ.

ಮೆಕ್ಯಾನಿಕ್ ಬಂಪರಿನ ನಡು ಕೊಯ್ದ, ಹಾರ್ನ್ ಪಕ್ಕಕ್ಕೆ ಸರಿಸಿದ, ಅಡ್ಡಪಟ್ಟಿ ಕತ್ತರಿಸಿ ಒಳಗೆ ಬೆಸುಗೆ ಹಾಕಿದ. ಗುಜರಿಯಿಂದ ತಂದ ಇಂಟರ್‌ಕೂಲರ್ ಆ ಜಾಗದಲ್ಲಿ ಕೂತಿತು. (ಗುಜರಿಯವನು “ಆ ಜಾಲರಿ ಕೊಡಿ, ಇದನ್ನ ತಗೊಂಡೋಗಿ” ಅಂದಿದ್ದ. ಅದಲುಬದಲು ಎಂದರೆ ನಮ್ಮ ವ್ಯಾಪಾರಿಗೆ ಬಾಯಲ್ಲಿ ನೀರು. ಕೊಟ್ಟುಬಿಟ್ಟಿದ್ದ.)

ಕೆಲಸ ಮುಗಿಸಿದ ಮೆಕ್ಯಾನಿಕ್ ನಿಧಾನವಾಗಿ ಹಿಂದೆ ಸರಿದ. “ಗಾಡಿ ಚೆನ್ನಾಗಿ ಓಡತ್ತೆ ಸಾರ್. ಆದ್ರೆ ಯಾಕೋ ಇದರ ಎದುರಿಗೆ ನಿಲ್ಲೋಕಾಗ್ತಿಲ್ಲ.”

ಮೀಸೆಯಿದ್ದ ಕಡೆ ಈಗ ಈ ಕೆನ್ನೆಯಿಂದ ಆ ಕೆನ್ನೆಗೆ ಸೀಳಿದ ಬಾಯಿ. ಅದರೊಳಗೆ ತೆಳ್ಳನೆಯ ಬೂದು ಹಲ್ಲುಗಳ ಸಾಲು. ಹಲ್ಲುಗಳ ಹಿಂದೆ ಕತ್ತಲೆ. ಬೀದಿಯ ನಾಯಿ ಬೊಗಳಲಿಲ್ಲ. ಬಾಲ ಮುದುರಿಕೊಂಡು ಹಿಂದು ಹಿಂದಕ್ಕೇ ನಡೆದುಹೋಯಿತು. ಪಕ್ಕದ ಮನೆಯಾಕೆ ಮಟಮಟ ಮಧ್ಯಾಹ್ನ ಪರದೆ ಎಳೆದಳು. ಶೆಡ್ಡಿನಲ್ಲಿ ನಿಲ್ಲಿಸಿದರೆ ಕಾರು ನೇರವಾಗಿ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿತ್ತು.

“ರೀ, ಅದು ಏನೋ ಹೇಳೋಕೆ ಬಾಯಿ ತೆರೆದ ಹಾಗಿದೆ” ಎಂದಳು ಹೆಂಡತಿ.

ಮೊದಲ ಸವಾರಿಯಲ್ಲಿ ಕಾರು ಏರನ್ನು ಗಾಳಿಪಟದಂತೆ ಏರಿತು. ಅಳಿಯ ತನ್ನ ಮೀಸೆಯ ಮೇಲೆ ಕೈಯಿಟ್ಟ.

“ಜಾಲರಿ ಎಲ್ಲಿಟ್ರಿ?” ಎಂದಳು ಪಕ್ಕದಲ್ಲಿ ಕೂತ ಹೆಂಡತಿ.

ಅವನ ಕಾಲು ತಾನಾಗಿ ಆಕ್ಸಿಲರೇಟರ್‌ನಿಂದ ಮೇಲೆದ್ದಿತು. “ಅಟ್ಟದ ಮೇಲೆ.”

‘ಹುಂಽಽ.’

ಸದ್ದು ಕಾರಿನ ಮುಂದುಗಡೆಯಿಂದ ಬಂದಿತ್ತು.

ಹೆಂಡತಿಯನ್ನು ಮನೆಗೆ ಬಿಟ್ಟು ಅಳಿಯ ಮೆಕ್ಯಾನಿಕ್ ಬಳಿಗೆ ಓಡಿದ. “ಕಾಲೆತ್ತಿದ್ರೆ ಗಾಳಿ ಪೈಪಲ್ಲಿ ವಾಪಸ್ ನುಗ್ಗತ್ತೆ ಸಾರ್, ಅದೇ ಸದ್ದು” ಎಂದು ಅವನು ಕ್ಲಿಪ್ಪುಗಳನ್ನೆಲ್ಲ ಬಿಗಿದ. ವಾಪಸ್ ಬರುವ ದಾರಿಯುದ್ದಕ್ಕೂ ಕಾಲೆತ್ತಿ ಎತ್ತಿ ನೋಡಿದರೂ ಕಾರು ಉಸಿರೆತ್ತಲಿಲ್ಲ. ಅಳಿಯನಿಗೆ ಹೋದ ಜೀವ ಬಂತು.

ಮರುದಿನ ಬೆಳಗ್ಗೆ ಶೆಡ್ಡಿಗೆ ಹೋದರೆ, ಹೆಂಡತಿ ಬಟ್ಟೆ ಹಿಡಿದು ಆ ಬಾಯಿಯ ಎದುರು ನಿಂತಿದ್ದಳು. ಏನನ್ನು ಒರೆಸಬೇಕೆಂದು ಅವಳಿಗೆ ತಿಳಿದಿರಲಿಲ್ಲ.

“ಅಟ್ಟದ ಮೇಲೆ ಹುಡುಕಿದೆ. ಇಲ್ಲ.”

“ಅದೂ... ಪಾಲಿಶ್ ಮಾಡ್ಸೋಣ ಅಂತ ಅಂಗಡೀಲಿಟ್ಟಿದೀನಿ.”

‘ಹುಂಽಽ.’

ಕಾರಿನ ಕೀಲಿ ಅವನ ಜೇಬಿನಲ್ಲೇ ಇತ್ತು.

“ಬಿಸಿ ಕಬ್ಬಿಣ ಆರೋವಾಗ ಹಾಗೇ ಕಣೇ” ಎನ್ನುತ್ತ ಬಾನೆಟ್ ಮುಟ್ಟಿದ. ಮಂಜಿನಷ್ಟು ತಣ್ಣಗಿತ್ತು.

‘ಹುಂಽಽ.’ ಈ ಸಲ ಅವನ ಮೊಣಕಾಲಿಗೆ ತಣ್ಣನೆಯ ಗಾಳಿ ತಾಗಿತು. ಪೆಪ್ಪರ್‌ಮಿಂಟ್ ವಾಸನೆ.

ಹೆಂಡತಿ ಬಾನೆಟ್ ಮೇಲೆ ಮೆಲ್ಲಗೆ ಕೈಯಿಟ್ಟಳು. “ಸಾಕು ಬಿಡಪ್ಪಾ. ನಂಗೆ ಗೊತ್ತಾಯ್ತು.”

“ಗುಜರಿಯವನಿಗೆ ಕೊಟ್ಟುಬಿಟ್ಟೆ ಕಣೇ” ಎಂದ ಅಳಿಯ. “ಇದಕ್ಕೆ ಬದಲು.”

ಇಬ್ಬರೂ ಕಾದರು. ಕಾರು ಸುಮ್ಮನಿತ್ತು.

“ಇದೊಂದು ನಿಜ” ಎಂದಳು.

ಗುಜರಿಯಲ್ಲಿ ವಿಚಾರಿಸಿದರೆ ಜಾಲರಿ ಆಗಲೇ ಅಪ್ಪಚ್ಚಿಯಾಗಿ ಕುಲುಮೆ ಸೇರಿತ್ತು. ಅಂದಿನಿಂದ ಹೆಂಡತಿ ದಿನವೂ ತಾನೇ ಕಾರು ಓಡಿಸಿಕೊಂಡು ಬಂದು, ಅಂಗಡಿಯ ಬಾಗಿಲಿಗೆ ಬಾಯಿ ಮಾಡಿ ನಿಲ್ಲಿಸಿ ಹೋಗುತ್ತಾಳೆ.

“ಈ ಮೇಜು ಅಪ್ಪಟ ತೇಗಾನೇನ್ರೀ?” ಎಂದು ಗಿರಾಕಿ ಕೇಳುತ್ತಾನೆ. ವ್ಯಾಪಾರಿ ಮೊದಲು ಬಾಗಿಲ ಕಡೆ ನೋಡುತ್ತಾನೆ.

“ಪ್ಲೈವುಡ್” ಎನ್ನುತ್ತಾನೆ.

ಬಿಡುವು ಸಿಕ್ಕಾಗಲೆಲ್ಲ ಅವನು ಊರೂರಿನ ಗುಜರಿಗಳಲ್ಲಿ ಅಂಥದೇ ಜಾಲರಿ ಹುಡುಕುತ್ತಾನೆ. ಇನ್ನೂ ಸಿಕ್ಕಿಲ್ಲ. ಮಾವನಿಗೆ ಅವನು ಒಂದು ಮುಖ ಕೊಡಬೇಕು.