ಟೈರಿನ ನಾಡಿ ಹಿಡಿದ ಮಾವ

ಕಮಲಾಪುರದಲ್ಲಿ ಮನುಷ್ಯರ ನಾಡಿ ನೋಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾರಿನ ನಾಡಿ ನೋಡುವವನು ಮಾತ್ರ ಒಬ್ಬನೇ, ನನ್ನ ಸೋದರಮಾವ! ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಕಾರಿನ ಸುತ್ತ ಬಂದು ನಾಲ್ಕೂ ಟೈರುಗಳಿಗೆ ಅಂಗೈಯಿಂದ ಫಟ್ ಫಟ್ ಎಂದು ಬಡಿದು, ಕಿವಿಗೊಟ್ಟು ಕೇಳದಿದ್ದರೆ ಅವನಿಗೆ ದಿನವೇ ಆರಂಭವಾಗುವುದಿಲ್ಲ.

ತನ್ನ ಕಾರಿಗಷ್ಟೇ ಬಡಿದುಕೊಂಡಿದ್ದರೆ ಯಾರಿಗೇನು ತೊಂದರೆ? ಮಹಾಗಾಂವದ ಒಂದು ಮದುವೆಯಲ್ಲಿ ಬೀಗರ ಕಾರುಗಳಿಗೆಲ್ಲ ಬಡಿಯುತ್ತ ಹೋದ. ಒಂದರ ಹಿಂದೊಂದು ಕಾರುಗಳು ಕಿರುಚತೊಡಗಿದವು. ಕಳ್ಳರು ಬಂದರೆಂದು ಜನ ಅಕ್ಷತೆ ಹಿಡಿದ ಕೈಯಲ್ಲೇ ಓಡಿಬಂದರು. ಮಾವ ತಣ್ಣಗೆ ಹೇಳಿದ: "ಗಾಬರಿ ಆಗಬ್ಯಾಡ್ರಿ. ಈ ಬಿಳಿ ಕಾರಿನ ಹಿಂದಿನ ಟೈರಿನ್ಯಾಗ ಗಾಳಿ ಕಡಿಮಿ ಅದ, ಅಷ್ಟೇ."

ಇಂಥವನು ಕೊಂಡ ಹೊಸ ಕಾರಿನಲ್ಲಿ ಸೆನ್ಸರ್ ಇರಬೇಕೇ! ಟೈರಿನೊಳಗೆ ಕೂತು, ಗಾಳಿ ಕಡಿಮೆಯಾದರೆ ಸ್ಟಿಯರಿಂಗ್ ಮುಂದೆ ಹಳದಿ ದೀಪ ಹೊತ್ತಿಸುವ ಯಂತ್ರ ಅದು. ದೀಪ ಮೊದಲ ಸಲ ಹೊತ್ತಿದ ದಿನ ಮಾವನಿಗೆ ಅವಮಾನವಾಯಿತು.

"ಹೊಟ್ಟ್ಯಾಗ ಕೂತು ಚಾಡಿ ಹೇಳ್ತದ ನೋಡು! ನನ್ನ ಕೈಗಿಂತ ಶಾಣ್ಯಾ ಏನಿದು?" ಎಂದವನೇ ಅತ್ತೆ ಹಣೆಗೆ ಹಚ್ಚುವ ಟಿಕಳಿಯೊಂದನ್ನು ತಂದು ದೀಪದ ಮೇಲೆ ಅಂಟಿಸಿಬಿಟ್ಟ. ಕಾರಿಗೂ ಮುತ್ತೈದೆತನ ಬಂತು!

ವರ್ಷಗಳು ಉರುಳಿ ಟೈರುಗಳು ಸವೆದವು. "ಮಾವ, ಟೈರ್ ಬೋಳಾಗ್ಯಾವ, ಬದಲಿ ಮಾಡಸು" ಎಂದೆ.

"ನನ್ನ ತಲಿನೂ ಬೋಳಾಗ್ಯಾದ. ಬದಲಿ ಮಾಡಸ್ತೀಯೇನು ಅಳಿಯಾ?"

ಅಂಥ ಮಾವ ಮೆತ್ತಗಾದದ್ದು ಅತ್ತೆಯ ಕಣ್ಣಿನಿಂದ. ಅವಳ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದದ್ದಕ್ಕೂ ಪೊರೆ ಬಂದು, ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ದೃಷ್ಟಿ ಎಷ್ಟು ಬರುವುದೆಂದು ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತು, ಮನೆಗೆ ಹೋಗುವಾಗ ಕುಲುಕಾಡಿಸಬೇಡಿ ಎಂದರು ಡಾಕ್ಟರು. ಮಾವ ಯಾರಿಗೂ ಹೇಳದೆ ಕಪನೂರಕ್ಕೆ ಹೋಗಿ ನಾಲ್ಕೂ ಟೈರು ಬದಲಿಸಿಕೊಂಡು ಬಂದ.

"ಸೆನ್ಸರ್?" ಎಂದು ಕೆಣಕಿದೆ.

"ಹೊಸಾವು ಕೂಡಿಸೀನಿ. ಆಕಿ ಕೂತಾಗ ನನ್ನ ಕೈ ಒಂದನ್ನೇ ನಂಬಾಕ ಧೈರ್ಯ ಆಗವಲ್ದು" ಎಂದ.

ಮರುದಿನ ಪಟ್ಟಿ ಬಿಚ್ಚಿದರು. "ಬರೇ ಬೆಳಕು ಬೆಳಕು ಕಾಣ್ತದ" ಎಂದಳು ಅತ್ತೆ. ಸ್ವಲ್ಪ ಹೊತ್ತು ಹೋಗಲಿ, ತಿಳಿಯಾಗಬಹುದು ಎಂದರು ಡಾಕ್ಟರು. ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಸಿ ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಏನು ಕಾಣುತ್ತದೆಂದು ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಮಾವ ಗಾಡಿ ಚಾಲೂ ಮಾಡಿ, ಉಗುರಿನಿಂದ ದೀಪದ ಮೇಲಿನ ಆ ಟಿಕಳಿ ಕಿತ್ತ. ಕೆಳಗೆ ದೀಪ ಆರಿತ್ತು, ಗಾಳಿ ಸರಿಯಾಗಿತ್ತು. ಬೆರಳಿಗಂಟಿದ ಟಿಕಳಿಯನ್ನು ಎಲ್ಲಿಡುವುದು? ಆಪರೇಷನ್ನಿನ ಹೊತ್ತಿಗೆ ಅತ್ತೆಯ ಹಣೆ ಬರಿದು ಮಾಡಿದ್ದರು. ಅಲ್ಲೇ ಅಂಟಿಸಿದ.

ಅತ್ತೆ ಕನ್ನಡಕ ಸರಿಸಿ, ಕಾರಿನ ಕನ್ನಡಿ ತನ್ನ ಕಡೆ ತಿರುಗಿಸಿಕೊಂಡಳು.

"ಸೊಟ್ಟ ಹಚ್ಚೀರಲ್ರೀ!"

ಮಾವ ಅವಳ ಕಡೆ ಬಾಗಿದ. "ಎಷ್ಟು ಸೊಟ್ಟ ಅದ?"

"ಬಲಕ್ಕ, ಒಂದು ಜೋಳದ ಕಾಳಿನಷ್ಟು."

ಉಸಿರು ಬಿಟ್ಟು ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ. ಬಾಗಿಲು ತೆಗೆದು ಕೆಳಗಿಳಿದು, ನಮಗೆ ಬೆನ್ನು ಮಾಡಿ, ಹೊಚ್ಚ ಹೊಸ ಟೈರುಗಳಿಗೆ ಒಂದೊಂದಾಗಿ ಬಡಿಯುತ್ತ ಹೋದ. ಸುತ್ತು ಮುಗಿಸಿ ಬಂದಾಗ ಕಣ್ಣು ಕೆಂಪಾಗಿದ್ದವು.

"ಗಾಳಿ ಬರೋಬರಿ ಅದ" ಎಂದ. "ನಡೀರಿ, ಮನಿಗಿ ಹೋಗೋಣು."