ಅಜ್ಜಿಯ ಮೇಲೆ ಕಣ್ಣು, ಕೂಸಿನ ಮೇಲೆ ಗುರಿ

ಪರಿಮಳಾ: ಮದುವೆಗೆ ಕೂಸಿನ ನೋಡು ಹೇಳಿ ವಾನಳ್ಳಿಗೆ ಕರ್ಕಂಡು ಹೋದ್ರೆ, ಅದ್ರ ಅಜ್ಜಿಯ ಮುಖ ನೋಡ್ತಾ ಕುಂತ್ಯಲೋ ತಮಾ!

ನಂದನ: ಬರೀ ಅಜ್ಜಿನ ಅಲ್ದೆ ಆಯಿ. ಈಚೆ ಬದಿಗೆ ಕುಂತಿದ್ದ ಅದ್ರ ಅಣ್ಣ ದಿನಕರನ್ನೂ ನೋಡಿದ್ನಲೆ.

ಪರಿಮಳಾ ಹಣೆ ಚಚ್ಚಿಕೊಂಡರು. ಮಗರಾಯ ಶಿರಸಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹೆಣ್ಣಿನವರ ಉತ್ತರ ಸಂಜೆಯೊಳಗೆ ಫೋನಿನಲ್ಲಿ ಬರಬೇಕು. ಈ ಸಂಬಂಧವೂ ತಪ್ಪಿದರೆ ಇನ್ನು ಯಾರ ಮನೆ ಜಗುಲಿಯನ್ನೂ ಹತ್ತುವವಳಲ್ಲ ಎಂದು ತಾಯಿ ಆಣೆ ಇಟ್ಟಾಗಿತ್ತು.

ಪರಿಮಳಾ: ನಿಂಗೆ ಕೂಸು ಬ್ಯಾಡದ?

ನಂದನ: ಅಯ್ಯೋ, ಸಂಹಿತಾನೇ ಬೇಕು! ಬೇರೆ ಯಾರೂ ಬ್ಯಾಡ.

ಪರಿಮಳಾ: ಮತ್ತೆ ಎಂತಕ್ಕೆ ಅದ್ರ ನೋಡಿದ್ದಿಲ್ಲೆ?

ನಂದನ: ನೆಟ್ಟಗೆ ನೋಡಕ್ಕೆ ನಾಚಿಕೆ ಆತು. ಅದ್ಕೇ ದುರ್ಬೀನಿನ ಉಪಾಯ ಮಾಡಿದ್ದು.

ಪರಿಮಳಾ: ದುರ್ಬೀನು ಹಿಡ್ಕಂಡು ಬಂದಿದ್ಯ? ದೇವ್ರೇ!

ನಂದನ: ಅಲ್ದೆ! ಆಕಾಶದಲ್ಲಿ ಬಸ್ಸಿನಷ್ಟು ದೊಡ್ಡ ದುರ್ಬೀನು ಇದ್ದಲೆ, ಅದ್ರ ಉಪಾಯ. ಭೂಮಿ ಸುತ್ತ ಓಡ್ತಾ ಇದ್ರೂ ಗುರಿ ಒಂಚೂರೂ ಅಲ್ಲಾಡ್ತಿಲ್ಲೆ. ಹೆಂಗೆ ಹೇಳು? ಗುರಿಯ ಆಚೆ ಒಂದು, ಈಚೆ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟಿರ್ತು. ನಡುವೆ ಇಪ್ಪದು ತಪ್ತಿಲ್ಲೆ.

ಪರಿಮಳಾ: ಹಂಗಾರೆ ಅಜ್ಜಿ ನಕ್ಷತ್ರನ?

ನಂದನ: ಹೌದು. ಒಂದೇ ನಕ್ಷತ್ರ ಆದ್ರೆ ದುರ್ಬೀನು ಅದ್ರ ಸುತ್ತವೇ ತಿರುಗಿ ಗುರಿ ತಪ್ತು. ಅದ್ಕೇ ದಿನಕರ.

ಪರಿಮಳಾ: ನೀ ನೋಡ ಚಂದಕ್ಕೆ ಆ ದಿನಕರ ಅಂಗಿ ಗುಂಡಿ ಮುಟ್ಟಿ ಮುಟ್ಟಿ ನೋಡ್ಕಂಡ. ಅಜ್ಜಿ ಒಳಗೆ ಹೋಗಿ ಸೀರೆ ಬದಲ್ಸಿಕಂಡು ಬಂತು!

ನಂದನ: ಅದೇ ಕಷ್ಟ ಆಗಿದ್ದು. ನಕ್ಷತ್ರ ಹಂಗೆಲ್ಲ ಎದ್ದು ಹೋಗ್ಲಾಗ. ಆವಾಗ್ಲೇ ಗುರಿ ತಪ್ಪಿ, ಅಜ್ಜಿ ಜಾಗದಲ್ಲಿ ಬಂದು ಕುಂತ ಬೆಕ್ಕಿನ ನೋಡಿದ್ದು!

ಫೋನು ಬಡಿದುಕೊಂಡಿತು. ಇಬ್ಬರೂ ಓಡಿದರು. ತಾಯಿ ರಿಸೀವರ್ ಎತ್ತಿದರು, ಮಗ ಅದರ ಬೆನ್ನಿಗೆ ಕಿವಿ ಅಂಟಿಸಿದ. ಆ ಕಡೆ ಇದ್ದವರು ಹೆಣ್ಣಿನ ಅಪ್ಪ ನಾಗಪತಿ.

ನಾಗಪತಿ: ಪರಿಮಳಕ್ಕಾ, ಎಂಗಳ ಕೂಸು ಒಪ್ಪಿದ್ದು. ಮಾಣಿಯ ಮಾತು ಚೊಲೋ ಇದ್ದಡ.

ನಂದನ ಅಲ್ಲೇ ಕುಣಿದುಬಿಟ್ಟ.

ನಾಗಪತಿ: ಆದ್ರೆ ಒಂದು ವಿಷ್ಯ. ಅದ್ಕೂ ನಾಚಿಕೆ. ಆಚೆ ಕುಂತ ನಿಂಗಳ, ಈಚೆ ಇದ್ದ ಕಂಬವ ನೋಡಿದ್ದೇ ಬಂತಡ. ನಡುವೆ ಕುಂತ ಮಾಣಿಗೆ ಮೀಸೆ ಇದ್ದ, ಇಲ್ಯ ಹೇಳಿ ಈಗ ಎನ್ನ ಕೇಳ್ತಾ ಇದ್ದು!

ಪರಿಮಳಾಗೆ ನಗು ತಡೆಯಲಾಗಲಿಲ್ಲ.

ಪರಿಮಳಾ: ಇದ್ದು ಮಾರಾಯ್ರೆ, ಮೀಸೆ ಇದ್ದು! ಒಂದು ಮಾತ್ರ ಕೇಳ್ತೆ. ಮದುವೆ ದಿನ ಅಂತರಪಟ ಇಳಿಸಕಾದ್ರೆ ಅಜ್ಜಿ ಆಚೆ, ದಿನಕರ ಈಚೆ ನಿಂತಿರವು. ಒಂಚೂರೂ ಅಲ್ಲಾಡ್ಲಾಗ. ಇಲ್ದಿದ್ರೆ ಎನ್ನ ಮಾಣಿ ಮಾಲೆ ಭಟ್ರ ಕೊರಳಿಗೆ ಹಾಕ್ತ!